ಸಿಲೋನಿನಲ್ಲಿ ಒಂದು ಜೊತೆ ಕಣ್ಣು

ಧನುಷ್ಕೋಡಿ

ನನ್ನ ಉಳಿಗಳನ್ನು ಒಂದೊಂದಾಗಿ ಎತ್ತಿ ಮೂಸಿ ನೋಡಿದವನು ಈ ಪ್ರಪಂಚದಲ್ಲಿ ಒಬ್ಬನೇ. ಅವನು ಧನುಷ್ಕೋಡಿಯ ಕಟ್ಟೆಯ ಮೇಲೆ ಸಾಮಾನು ತಪಾಸಣೆಗೆ ನಿಂತಿದ್ದ ಒಬ್ಬ ತೆಳ್ಳಗಿನ ಅಧಿಕಾರಿ. ನಮ್ಮೂರು ಸಾಗರದಿಂದ ಹೊರಡುವಾಗ ನನ್ನ ಹೆಂಡತಿ, ತುಕ್ಕು ಹಿಡಿಯದಿರಲಿ ಎಂದು ಉಳಿಗಳ ನಡುವೆ ಗಂಧದ ಹೊಟ್ಟು ತುಂಬಿ ಹಳೆಯ ಸೀರೆಯ ತುಂಡಿನಲ್ಲಿ ಸುತ್ತಿಕೊಟ್ಟಿದ್ದಳು. ಗಂಟು ಬಿಚ್ಚಿದ್ದೇ ತಡ, ಕಟ್ಟೆಯ ಮೀನಿನ ವಾಸನೆಯೆಲ್ಲ ಹಿಂದೆ ಸರಿದು ಪರಿಮಳ ಎದ್ದಿತು. ಅವನಿಗೆ ಸಂಶಯ. ಮರ ಎಲ್ಲಿ ಬಚ್ಚಿಟ್ಟಿದ್ದೀಯ ಎಂದು ಕೇಳಿದ. ಮರ ಕಾಗದಪತ್ರ ಸಮೇತ ಮೊದಲೇ ಹೋಗಿದೆ, ಈಗ ಹೋಗುತ್ತಿರುವುದು ಕೈ ಮಾತ್ರ ಎಂದು ನನ್ನ ಹರಕು ತಮಿಳಿನಲ್ಲಿ ಹೇಳಿದೆ. ಅವನು ನನ್ನ ಕೈಯನ್ನೂ ಎಳೆದು ಮೂಸಿದ. ಆಮೇಲೆ ನಕ್ಕು ಬಿಟ್ಟುಬಿಟ್ಟ.

ನಾನು ಸಾಗರದ ಗುಡಿಗಾರ. ಗಂಧ, ದಂತ, ಬೀಟೆಯಲ್ಲಿ ಕೆತ್ತುವುದು ಮನೆತನದ ಕೆಲಸ. ಹುಂಚದ ಒಂದು ಬಸದಿಯ ಬಾಗಿಲು ನನ್ನ ಅಜ್ಜನ ಕೈಯದು. ಬೆಂಗಳೂರಿನ ವಸ್ತುಪ್ರದರ್ಶನವೊಂದರಲ್ಲಿ ನಾನು ಕೆತ್ತಿದ ಸರಸ್ವತಿಯನ್ನು ಸಿಲೋನಿನ ವ್ಯಾಪಾರಿಯೊಬ್ಬ ನೋಡಿದ್ದ. ತೀರಿಕೊಂಡ ತಾಯಿಯ ಹೆಸರಿನಲ್ಲಿ ತನ್ನೂರಿನ ವಿಹಾರಕ್ಕೆ ಗಂಧದ ಬುದ್ಧನನ್ನು ಕೊಡಬೇಕೆಂದಿದ್ದೇನೆ, ಬಂದು ಕೆತ್ತಿಕೊಡಿ ಎಂದು ಬರೆಸಿದ. ಆಗ ಶರಾವತಿಗೆ ಅಣೆಕಟ್ಟು ಏಳುತ್ತಿದ್ದ ಕಾಲ. ಮುಳುಗಲಿರುವ ಊರುಗಳ ದೇವರುಗಳು ಮುಕ್ಕಾದ ಮೂಗು, ಬಿರುಕುಬಿಟ್ಟ ಪೀಠ ಸರಿಮಾಡಿಸಿಕೊಳ್ಳಲು ಗಾಡಿಗಳಲ್ಲಿ ನಮ್ಮ ಅಂಗಳಕ್ಕೆ ಬರುತ್ತಿದ್ದವು. ಅವನ್ನೆಲ್ಲ ತಮ್ಮನಿಗೆ ಒಪ್ಪಿಸಿ ಹೊರಟೆ. "ಬುದ್ಧ ಅಂದ್ರೆ ಹತ್ತವತಾರದಲ್ಲೊಬ್ಬ ಅಲ್ವನಾ? ಹೋಗಿಬಾ, ಬೇರೆ ದೇವ್ರೇನಲ್ಲ" ಎಂದಳು ಅಮ್ಮ.

ಸ್ಟೀಮರಿನಿಂದ ಹಿಂತಿರುಗಿ ನೋಡಿದಾಗ ಆ ಅಧಿಕಾರಿ ಕಟ್ಟೆಯ ತುದಿಯಲ್ಲಿ ನಿಂತು ಇನ್ನೂ ತನ್ನ ಬೆರಳುಗಳನ್ನು ಮೂಸುತ್ತಿದ್ದ. ಕೆಲವು ವರ್ಷಗಳ ನಂತರ ಆ ಕಟ್ಟೆ, ಆ ರೈಲು ನಿಲ್ದಾಣ, ಆ ಊರು ಎಲ್ಲವನ್ನೂ ಸಮುದ್ರ ಒಂದೇ ಸಲಕ್ಕೆ ಒಯ್ದಿತೆಂದು ಪತ್ರಿಕೆಯಲ್ಲಿ ಓದಿದೆ. ಅವನು ಆ ದಿನ ರಜೆಯ ಮೇಲಿದ್ದನೋ ಏನೋ. ನಾನು ನೋಡಿದ ಮುಖಗಳಿಗೆ ಆಮೇಲೆ ಏನಾಯಿತು ಎಂದು ಯೋಚಿಸುವ ಅಭ್ಯಾಸ ನನಗೆ ಹತ್ತಿದ್ದು ಸಿಲೋನಿನಿಂದ ಬಂದ ಮೇಲೆ.

ಕ್ಯಾಂಡಿಯಿಂದ ಮೇಲೆ

ತಲೈಮನ್ನಾರಿನಲ್ಲಿ ರೈಲು ಹತ್ತಿದಾಗ ಸುತ್ತ ಬರೀ ಮರಳು, ಮುಳ್ಳುಗಿಡ. ಒಂದು ನಿದ್ದೆ ತೆಗೆದು ಎದ್ದರೆ ಕಿಟಕಿಯ ಹೊರಗೆ ಕೆಂಪು ಮಣ್ಣಿನ ದರೆ, ಹಲಸು, ಮರಕ್ಕೆ ಹಬ್ಬಿದ ಮೆಣಸಿನ ಬಳ್ಳಿ. ರೈಲು ಎಲ್ಲೋ ಸುತ್ತಿ ಬಳಸಿ ನನ್ನನ್ನು ಹೊಸನಗರಕ್ಕೇ ತಂದುಬಿಟ್ಟಿತು ಅನ್ನಿಸಿತು. ಹೊಸನಗರಕ್ಕೆ ರೈಲೇ ಇಲ್ಲ ಎಂಬುದು ನೆನಪಾಗಲು ಸ್ವಲ್ಪ ಹೊತ್ತು ಹಿಡಿಯಿತು.

ಕ್ಯಾಂಡಿ ನಿಲ್ದಾಣದಲ್ಲಿ ಪಂಚೆಯುಟ್ಟ ಗಿಡ್ಡ ಮನುಷ್ಯನೊಬ್ಬ ನೇರ ನನ್ನ ಬಳಿಗೆ ಬಂದು ಗಂಟು ಕಿತ್ತುಕೊಂಡ.

"ಬಂದ್ರಾ? ಮುಖ ನೋಡಿದ ಕೂಡ್ಲೆ ಗೊತ್ತಾಯ್ತು ಮಾರಾಯ್ರೆ, ನಮ್ಮ ಕಡೆಯೋರೇ ಅಂತ. ನಾನು ಸುಬ್ರಾಯ. ಮೇಳಿಗೆಯವ್ನು."

ತೀರ್ಥಹಳ್ಳಿ ಹತ್ತಿರದ ಮೇಳಿಗೆಯಿಂದ ಹದಿನೈದು ವರ್ಷದ ಹಿಂದೆ ಅಣ್ಣನ ಜೊತೆ ಜಗಳವಾಡಿ ಹೊರಟವನು, ಊರೂರು ಅಲೆದು ಕ್ಯಾಂಡಿಯ ಒಂದು ಇಡ್ಲಿ ಹೋಟೆಲಿನಲ್ಲಿ ನೆಲೆ ನಿಂತಿದ್ದ. ನನಗೆ ಅಡುಗೆ ಮಾಡಿ ಹಾಕಲು, ಮಾತನ್ನು ಅತ್ತಿಂದಿತ್ತ ತಿರುಗಿಸಿ ಹೇಳಲು ವ್ಯಾಪಾರಿ ಅವನನ್ನು ಗೊತ್ತುಮಾಡಿದ್ದ. "ಎಂತ ಕರ್ಮ ಹೇಳಿ, ಇಲ್ಲಿ ಮೂರ್ಹೊತ್ತೂ ತೆಂಗಿನಹಾಲು. ನಿಮ್ಮ ದೆಸೆಯಿಂದ ನಾನೂ ಎರಡು ತಿಂಗ್ಳು ನಮ್ಮ ಸಾರು ಉಣ್ಬಹುದು" ಎಂದ.

ಬೆಟ್ಟ ಹತ್ತುವ ಬಸ್ಸಿನಲ್ಲಿ, ತಿರುವೊಂದರಲ್ಲಿ ನನ್ನ ಗಂಟು ಉರುಳಿ ಮುಂದೆ ಕೂತ ಹೆಂಗಸಿನ ಮೊಸರಿನ ಗಡಿಗೆ ಒಡೆಯಿತು. ಆಕೆ ಹಣೆ ಬಡಿದುಕೊಂಡು, "ಅನೇ, ಮಗೇ ಕರುಮೇ!" ಎಂದಳು. ನಾನು ಸುಬ್ರಾಯನ ಮುಖ ನೋಡಿದೆ.

"ಅದೇ, ನಮ್ಮ ಕರ್ಮನೇ. ಇಲ್ಲಿಯೋರೂ ಎಲ್ಲದಕ್ಕೂ ಅದನ್ನೇ ಅಂತಾರೆ."

ಮೊಸರಿನಲ್ಲಿ ಕಾಲಿಟ್ಟುಕೊಂಡೇ ನಕ್ಕೆ. ಹಾಲು ಉಕ್ಕಿದರೂ ಕರ್ಮ, ಬಸ್ಸು ತಪ್ಪಿದರೂ ಕರ್ಮ ಅನ್ನುವವರು ನಾವು ಮಾತ್ರ ಅಂದುಕೊಂಡಿದ್ದೆ. ಹೊರಡುವ ಹೊತ್ತಿಗೆ ಆ ಮಾತು ಬಾಯಿಗೆ ತರಲೂ ಹೆದರುವ ಹಾಗಾಗುತ್ತದೆ ಎಂದು ಆಗ ಗೊತ್ತಿರಲಿಲ್ಲ.

ಕಣ್ಣಿಲ್ಲದ ಎಂಟು ವಾರ

ವಿಹಾರ ಇದ್ದದ್ದು ಮುಂದಕ್ಕೆ ಬಾಗಿದ ಒಂದು ಕಪ್ಪು ಬಂಡೆಯ ಹೊಟ್ಟೆಯ ಕೆಳಗೆ. ಬಂಡೆಯಿಂದ ದಿನವಿಡೀ ನೀರು ತೊಟ್ಟಿಕ್ಕುತ್ತಿತ್ತು. ಮಧ್ಯಾಹ್ನವೂ ಒಳಗೆ ಮುಸ್ಸಂಜೆ. ಗುಹೆಯ ಗೋಡೆ, ಸೂರು ತುಂಬ ಚಿತ್ರ. ಅವನ್ನೆಲ್ಲ ನಲವತ್ತು ವರ್ಷಗಳಿಂದ ಬರೆಯುತ್ತ, ಅಳಿದದ್ದನ್ನು ತಿದ್ದುತ್ತ ಇದ್ದವರು ಉಕ್ಕು ಬಂಡ ಎಂಬ ಮುದುಕರು. ಕನ್ನಡದವನ ಕಿವಿಗೆ ತಮಾಷೆಯ ಹೆಸರು. ಮನುಷ್ಯ ಮಾತ್ರ ಹೂವಿನಂಥವರು. ನನ್ನ ಭಾಷೆ ಅವರಿಗಿಲ್ಲ, ಅವರದು ನನಗಿಲ್ಲ. ಆದರೂ ನಾನು ತುಟಿ ಕೆತ್ತುತ್ತಿದ್ದ ದಿನ ಹತ್ತಿರ ಬಂದು, ಉಗುರಿನಿಂದ ತುಟಿಯ ಕೊನೆಯಲ್ಲಿ ಒಂದು ಎಳೆ ಗೀರಿ ಹೋದರು. ಅಲ್ಲಿ ಅಕ್ಕಿಕಾಳಿನಷ್ಟು ತೆಗೆದೆ. ಅಲ್ಲಿಯವರೆಗೆ ಸುಮ್ಮನೆ ಮುಚ್ಚಿದ್ದ ಬಾಯಿ ಏನೋ ತಿಳಿದು ಸುಮ್ಮನಿರುವ ಬಾಯಿಯಾಯಿತು. ಅವತ್ತು ಅವರ ಕಾಲು ಮುಟ್ಟಿದೆ.

ಅವರು ಹೇಳಿದ್ದನ್ನೆಲ್ಲ ನನಗೆ ಸುಬ್ರಾಯ ಹೇಳುತ್ತಿದ್ದುದರಿಂದ, ಇವತ್ತಿಗೂ ಅವರ ಮಾತು ನನಗೆ ನೆನಪಾಗುವುದು ಮೇಳಿಗೆಯ ಕನ್ನಡದಲ್ಲೇ.

ವಿಗ್ರಹ ಎರಡು ಮೊಳ ಎತ್ತರ. ರೆಪ್ಪೆಯ ಉಬ್ಬು ತೆಗೆದು ಕಣ್ಣಿನ ಜಾಗ ಬರಿದಾಗಿ ಬಿಟ್ಟಿದ್ದೆ. ಅದನ್ನು ಕೊನೆಗೆ ಬಣ್ಣದಲ್ಲಿ ಬರೆಯಬೇಕು. ಎಂಟು ವಾರ ಆ ಕುರುಡು ಮುಖದ ಎದುರು ಕೂತೆ. ಕೆಲಸ ಮುಗಿದ ಕೂಡಲೇ ಅದಕ್ಕೆ ಬಿಳಿ ಬಟ್ಟೆ ಮುಚ್ಚಿಬಿಡುತ್ತಿದ್ದರು. ಬೆಳಿಗ್ಗೆ ಬಟ್ಟೆ ತೆಗೆಯುವಾಗ ಅದು ನಾನು ಬಂದದ್ದನ್ನು ಉಸಿರಿನಿಂದಲೇ ಗುರುತು ಹಿಡಿಯುತ್ತಿದೆ ಅನ್ನಿಸುತ್ತಿತ್ತು.

ನಮ್ಮಲ್ಲೂ ದೇವರಿಗೆ ಕಣ್ಣು ಬಿಡಿಸುವ ಶಾಸ್ತ್ರವಿದೆ. ಚಿನ್ನದ ಸೂಜಿಯಲ್ಲಿ ಗೀರಿ, ಮೊದಲು ಕನ್ನಡಿ ತೋರಿಸಿ, ಕರುವಿನ ಜೊತೆ ಆಕಳು ತೋರಿಸಿ, ಆಮೇಲೆ ಜನ ಎದುರಿಗೆ ಬರುತ್ತಾರೆ. ಇಲ್ಲಿಯದು ಅದಕ್ಕಿಂತ ಬಿಗಿ. ಮುದುಕರು ಹೇಳಿದ್ದನ್ನು ಸುಬ್ರಾಯ ತಿರುಗಿಸಿ ಹೇಳಿದ:

"ಬುದ್ಧನ ಕಣ್ಣನ್ನ ಯಾರೂ ಎದುರಿಗೆ ನಿಂತು ಬರೆಯೋ ಹಂಗಿಲ್ವಂತೆ. ಬೆನ್ನು ತಿರುಗಿಸಿ ನಿಂತ್ಕಂಡು, ಕನ್ನಡೀಲಿ ನೋಡ್ಕಂಡು, ಹೆಗಲ ಮೇಲಿಂದ ಕುಂಚ ಹಿಂದಕ್ಕೆ ಚಾಚಿ ಬರೀಬೇಕು. ಬರೆದಾದ್ಮೇಲೆ ಬರೆದೋನ ಕಣ್ಣಿಗೆ ಬಟ್ಟೆ ಕಟ್ಟಿ ಹೊರಗೆ ಕರ್ಕಂಡು ಹೋಗ್ತಾರೆ. ಹಾಲು ಸೋರೋ ಮರದ ಮುಂದೆ ನಿಲ್ಸಿ ಬಿಚ್ತಾರೆ. ಮೊದಲ ನೋಟ ಮರದ ಮೇಲೆ ಬೀಳ್ಬೇಕು. ಏಳು ದಿನದಲ್ಲಿ ಮರ ಒಣಗ್ತದಂತೆ."

"ಬೇರೆ ಯಾರ ಮೇಲಾದರೂ ಬಿದ್ದರೆ?"

ಸುಬ್ರಾಯ ಆ ಪ್ರಶ್ನೆಯನ್ನು ಮುದುಕರಿಗೆ ದಾಟಿಸಲೇ ಇಲ್ಲ. "ಅದನ್ನೆಲ್ಲ ಕೇಳ್ಬಾರ್ದು ಮಾರಾಯ್ರೆ" ಎಂದ.

ಆಗ ಉಕ್ಕು ಬಂಡರು ತಮ್ಮ ಬಲಗೈ ಮುಂದೆ ಚಾಚಿ ತೋರಿಸಿದರು. ಬೆರಳುಗಳು ಗಾಳಿಗೆ ಸಿಕ್ಕ ಎಲೆಯ ಹಾಗೆ ನಡುಗುತ್ತಿದ್ದವು. ಗೋಡೆಯ ಹೂವಾದರೆ ತಪ್ಪಿದ್ದನ್ನು ತಿದ್ದಬಹುದು, ಕಣ್ಣನ್ನು ತಿದ್ದಲಿಕ್ಕಿಲ್ಲ. ನೀನೇ ಬರೆ ಎಂದರು.

ಆ ಬೆಳಿಗ್ಗೆ

ಮುಹೂರ್ತ ಇದ್ದದ್ದು ಎಳೆಬಿಸಿಲು ಬಂಡೆಯ ನೆತ್ತಿಗೆ ತಾಗುವ ಹೊತ್ತಿಗೆ. ಹೊರಗೆ ಡೋಲು, ಭಿಕ್ಷುಗಳ ಮಂತ್ರ. ಊರಿನ ಜನ ದಾರಿಯಿಂದ ದೂರ ನಿಂತಿದ್ದರು. ಗುಹೆಯೊಳಗೆ ನಾನು ಮತ್ತು ಉಕ್ಕು ಬಂಡರು ಇಬ್ಬರೇ.

ನಾನು ಬುದ್ಧನಿಗೆ ಬೆನ್ನು ಕೊಟ್ಟು ನಿಂತೆ. ಮುದುಕರು ನನ್ನೆದುರು ತಲೆ ತಗ್ಗಿಸಿ ನಿಂತು, ನಡುಕ ನಿಲ್ಲಲೆಂದು ಕನ್ನಡಿಯನ್ನು ಎದೆಗೊತ್ತಿ ಹಿಡಿದುಕೊಂಡರು. ಅದರಲ್ಲಿ ನನ್ನ ಮುಖ, ಹೆಗಲ ಮೇಲೆ ಇನ್ನೊಂದು ಮುಖ. ಕುಂಚ ಹಿಂದಕ್ಕೆ ಚಾಚಿದೆ. ಒಂದು ಕಣ್ಣು ಮುಗಿಯಿತು. ಎರಡನೆಯದಕ್ಕೆ ಕೈಯಿಟ್ಟಾಗ ಗಮನಿಸಿದೆ: ಮುಗಿದ ಕಣ್ಣು ಕನ್ನಡಿಯ ಕಡೆ ನೋಡುತ್ತಿರಲಿಲ್ಲ, ನನ್ನ ಹಿಂಗತ್ತನ್ನು ನೋಡುತ್ತಿತ್ತು. ಅಲ್ಲಿ, ಕೂದಲು ಮುಗಿಯುವ ಜಾಗದಲ್ಲಿ, ಯಾರೋ ಹತ್ತಿರ ದೀಪ ಹಿಡಿದಷ್ಟು ಬಿಸಿ.

ಎರಡನೆಯದೂ ಮುಗಿಯಿತು. ಮುದುಕರು ಕನ್ನಡಿ ಕೆಳಗಿಟ್ಟು ನನ್ನ ಕಣ್ಣಿಗೆ ಬಟ್ಟೆ ಕಟ್ಟಿದರು. ಹಿಂದೆ ನಿಂತು, ಎರಡೂ ಹೆಗಲ ಮೇಲೆ ಕೈಯಿಟ್ಟು ಬಾಗಿಲ ಕಡೆಗೆ ನಡೆಸಿದರು. ನಾಲ್ಕು ಹೆಜ್ಜೆ ಇಟ್ಟೆ.

ಇನ್ನು ಮುಂದಿನದನ್ನು ನಾನು ಅಲ್ಲಿ ಒಂದು ವಾರ ಯಾರಿಗೂ ಹೇಳಲಿಲ್ಲ. ಎಂಟು ವಾರ ನನ್ನ ಕೈಯಡಿ ಇದ್ದ ಮುಖವನ್ನು ಕಣ್ಣು ಸಮೇತ ಪೂರ್ತಿಯಾಗಿ ನಾನು ಒಮ್ಮೆಯೂ ಕಂಡಿರಲಿಲ್ಲ. ಗೇಣಗಲದ ಕನ್ನಡಿಯಲ್ಲಿ ತಿರುಗುಮುರುಗಾಗಿ ಕಂಡದ್ದಷ್ಟೇ. ಒಂದು ಸಲ, ಒಂದೇ ಸಲ ನೋಡಬೇಕು ಅನ್ನಿಸಿತು. ಹೆಬ್ಬೆರಳಿನಿಂದ ಬಟ್ಟೆಯನ್ನು ಮೇಲಕ್ಕೆ ಸರಿಸಿ ಗಕ್ಕನೆ ಹಿಂದೆ ತಿರುಗಿದೆ.

ಕಂಡದ್ದು ಬುದ್ಧನಲ್ಲ. ನನ್ನ ಮೂಗಿಗೆ ತಾಗುವಷ್ಟು ಹತ್ತಿರದಲ್ಲಿ ಉಕ್ಕು ಬಂಡರ ಮುಖ. ಕಣ್ಣುಗಳು ಅಗಲವಾಗಿ ತೆರೆದಿದ್ದವು. ಒಬ್ಬರ ಹೆಸರು ಹಿಡಿದು ಕರೆಯುವಷ್ಟು ಹೊತ್ತು ನಾವು ಹಾಗೆ ನೋಡಿಕೊಂಡೆವು. ಅವರು ಕೂಗಲಿಲ್ಲ, ಹಿಂದೆ ಸರಿಯಲಿಲ್ಲ. ನಿಧಾನವಾಗಿ ಬಟ್ಟೆಯನ್ನು ಕೆಳಗೆಳೆದು ಇನ್ನೊಂದು ಗಂಟು ಹಾಕಿದರು. ನನ್ನ ಕಿವಿಯ ಪಕ್ಕದಲ್ಲಿ ಆ ಬೆರಳುಗಳು ಒಂದಿಷ್ಟೂ ನಡುಗುತ್ತಿರಲಿಲ್ಲ.

ಹೊರಗೆ ಕರೆದೊಯ್ದು ಬಟ್ಟೆ ಬಿಚ್ಚಿದರು. ಎದುರಿಗೆ ಆಳೆತ್ತರದ ಹಲಸಿನ ಸಸಿ. ಕೈಗೆ ಕತ್ತಿ ಕೊಟ್ಟರು. ಹೊಡೆದೆ. ಬಿಳಿ ಹಾಲು ಸುರಿಯಿತು. ಜನ "ಸಾಧು, ಸಾಧು" ಎಂದು ಕೂಗಿದರು.

ಹಲಸಿನ ಸಸಿ

ಪೀಠದ ಕಮಲದ ದಳಗಳು ಬಾಕಿ ಇದ್ದುದರಿಂದ ನಾನು ಇನ್ನೂ ಕೆಲವು ದಿನ ಉಳಿಯಬೇಕಿತ್ತು. ದಿನಾ ಬೆಳಿಗ್ಗೆ ಮೊದಲು 
ಹೋಗಿ ಸಸಿ ನೋಡುತ್ತಿದ್ದೆ. ಒಂದು ಎಲೆ ಬಾಡಲಿ ಎಂದು ನಾನು ಬೇಡಿಕೊಂಡಷ್ಟು ಯಾವ ರೈತನೂ ಚಿಗುರಿಗಾಗಿ ಬೇಡಿಕೊಂಡಿರಲಿಕ್ಕಿಲ್ಲ. ಎಲೆಗಳು ಎಣ್ಣೆ ಸವರಿದಂತೆ ಹೊಳೆಯುತ್ತಿದ್ದವು. ಐದನೆಯ ದಿನ ಕತ್ತಿಯ ಗಾಯದ ಕೆಳಗೆ ಒಂದು ಮೊಳಕೆ ಒಡೆಯಿತು.

ಊರು ಅದನ್ನು ನನಗಿಂತ ಮೊದಲೇ ನೋಡಿತ್ತು. ನಾನು ಬರುವುದು ಕಂಡರೆ ಹೆಂಗಸರು ಮಕ್ಕಳ ಮುಖಕ್ಕೆ ಸೆರಗು ಮುಚ್ಚುತ್ತಿದ್ದರು. ಅಂಗಡಿಯವನು ಬೆನ್ನು ತಿರುಗಿಸಿ ಬೆಂಕಿಪೊಟ್ಟಣ ಕೊಟ್ಟ. ನಾನು ಕಾಲಿನ ಹೆಬ್ಬೆರಳು ನೋಡಿಕೊಂಡು ನಡೆಯಲು ಕಲಿತೆ. ಹಾಗೆ ನಡೆದರೆ ಊರು ಬರೀ ಪಾದಗಳಿಂದ ತುಂಬಿರುತ್ತದೆ. ನನ್ನನ್ನು ಕಂಡ ಪಾದಗಳು ತಟ್ಟನೆ ಬೇಲಿಯ ಕಡೆ ತಿರುಗುತ್ತಿದ್ದವು.

"ಎಂತ ಹೇಳ್ತಿದಾರೆ?" ಎಂದು ಸುಬ್ರಾಯನನ್ನು ಕೇಳಿದೆ.

"ಮರಕ್ಕೆ ನೋಟ ಬಿದ್ದೇ ಇಲ್ಲ ಅಂತ. ಹಂಗಾದ್ರೆ ಎಲ್ಲಿ ಬಿತ್ತು ಅಂತ."

ಇದೆಲ್ಲದಕ್ಕಿಂತ ನನ್ನನ್ನು ಹೆದರಿಸಿದ್ದು ಉಕ್ಕು ಬಂಡರ ಕೈ. ಅದು ಆ ಬೆಳಿಗ್ಗೆಯಿಂದ ನಡುಗಲೇ ಇಲ್ಲ. ವಾರವಿಡೀ ಹಿಡಿಯುತ್ತಿದ್ದ ಕೆಲಸವನ್ನು ಒಂದು ದಿನದಲ್ಲಿ ಮುಗಿಸುತ್ತಿದ್ದರು. ಸೂರಿನ ಅಂಚಿಗೆ ಒಂದೇ ಉಸಿರಿನಲ್ಲಿ ಎಳೆದ ಬಳ್ಳಿ, ಒಂದಕ್ಕೊಂದು ತಪ್ಪದ ಹೂವು. ಬರೆಯುತ್ತ ಗುನುಗುತ್ತಿದ್ದರು. ನಾನು ಅವರ ಮುಖ ನೋಡದೆ ದಳ ಕೆತ್ತುತ್ತಿದ್ದೆ.

ಹಾಮುದುರುಗಳ ಜಗಲಿ

ಭಿಕ್ಷುಗಳನ್ನು ಅಲ್ಲಿ ಹಾಮುದುರು ಎನ್ನುತ್ತಾರೆ. ಏಳು ದಿನ ಕಳೆದ ಮೇಲೆ ವಿಹಾರದ ಹಿರಿಯ ಹಾಮುದುರುಗಳು ನನ್ನನ್ನು ಜಗಲಿಗೆ ಕರೆಸಿದರು. ಸುಬ್ರಾಯ ಜೊತೆಗಿದ್ದ.

"ನಿಮ್ಮ ನೋಟ ಮತ್ತೆಲ್ಲಾದ್ರೂ ಬಿತ್ತಾ ಅಂತ ಕೇಳ್ತಿದಾರೆ."

"ಕಟ್ಟು ಸ್ವಲ್ಪ ಜಾರಿತ್ತು" ಎಂದೆ. "ನಾನಾಗಿ ಏನೂ ಮಾಡಲಿಲ್ಲ. ಏನೂ ಕಾಣಲೂ ಇಲ್ಲ."

ಅವರು ನನ್ನ ಅಂಗೈ ತೆಗೆದುಕೊಂಡು, ಉಳಿಯ ಹಿಡಿ ಒತ್ತಿ ಒತ್ತಿ ಕಟ್ಟಿದ ಜಡ್ಡಿನ ಮೇಲೆ ಬೆರಳಿಟ್ಟರು.

"ಇದು ಎಲ್ಲಿಂದ ಬಂತು ಅಂತ."

"ಉಳಿ ಹಿಡಿದು ಬಂತು."

"ದಾರೀಲಿ ಬಿದ್ದ ಉಳಿ ಕತ್ತಲಲ್ಲಿ ಒಂದ್ಸಲ ಕೈಗೆ ತಾಗಿದ್ರೆ ಜಡ್ಡು ಬರ್ತಿತ್ತಾ ಅಂತ."

"ಇಲ್ಲ."

ಹಾಮುದುರುಗಳು ನಿಧಾನವಾಗಿ ಮಾತಾಡಿದರು. ಸುಬ್ರಾಯ ಅಷ್ಟೇ ನಿಧಾನವಾಗಿ ಹೇಳಿದ. "ಮನಸ್ಸಿಟ್ಟು ಹಿಡಿದ್ರಿ, ಅದ್ಕೆ ಬಂತು. ಕರ್ಮ ಅಂದ್ರೂ ಅಷ್ಟೇ ಅಂತೆ. ಮನಸ್ಸು ಮಾಡಿದ್ದು ಮಾತ್ರ ಕರ್ಮ. ಕಟ್ಟು ತಾನಾಗಿ ಜಾರಿದ್ರೆ ಅದು ನಿಮ್ಮದಲ್ಲ. ಈ ನೋಟದ ಹೆದರಿಕೆ ಬುದ್ಧ ಹೇಳಿದ್ದೂ ಅಲ್ಲ, ಊರು ಹೇಳಿದ್ದು. ಹೋಗಿ ಊಟ ಮಾಡಿ ಅಂತಿದಾರೆ."

ಸತ್ಯ ಹೇಳಿದವನಿಗೆ ಅದು ಎಷ್ಟು ದೊಡ್ಡ ಸಮಾಧಾನ! ಸುಳ್ಳು ಹೇಳಿದವನಿಗೆ ಅದೇ ತೀರ್ಪು. ತಪ್ಪಿಸಿಕೊಳ್ಳಲು ನಮ್ಮ ಮಾತು ತೆಗೆದೆ. ನಮ್ಮಲ್ಲಿ ತಿಳಿದು ಮಾಡಿದರೂ ಅಂಟುತ್ತದೆ, ತಿಳಿಯದೆ ಮಾಡಿದರೂ ಅಂಟುತ್ತದೆ. ನನ್ನ ಅಪ್ಪನ ಕೈತಪ್ಪಿ ದೇವಿಯ ಬೆರಳು ಮುರಿದಿತ್ತು, ಹತ್ತು ವರ್ಷದ ಮೇಲೆ ಅವರದೇ ಬೆರಳು ಕೊಳೆತಾಗ ಇದು ಬರಬೇಕಾದದ್ದೇ ಎಂದು ಔಷಧಿ ಬೇಡವೆಂದರು, ಎಂದೆ.

"ಆ ಫಲ ಕೊಟ್ಟೋರು ಯಾರು ಅಂತ ಕೇಳ್ತಿದಾರೆ."

"ದೇವರು. ಕರ್ಮಕ್ಕೆ ಫಲ ಕೊಡುವವನು ಅವನು. ಹೊತ್ತುಕೊಂಡು ಜನ್ಮದಿಂದ ಜನ್ಮಕ್ಕೆ ಹೋಗುವುದು ನಮ್ಮ ಆತ್ಮ."

ಹಾಮುದುರುಗಳು ನಸುನಕ್ಕರು. "ಇಲ್ಲಿ ಕೊಡೋರು ಇಲ್ವಂತೆ. ಜಡ್ಡು ತಾನೇ ಬೆಳೀತದೆ. ಹೊತ್ಕಂಡು ಹೋಗೋನೂ ಇಲ್ವಂತೆ" ಎಂದ ಸುಬ್ರಾಯ. ಆಮೇಲೆ ತಾನೇ ಗೊಂದಲಗೊಂಡು ಮತ್ತೊಮ್ಮೆ ಕೇಳಿ ಖಚಿತ ಮಾಡಿಕೊಂಡ. "ಹೌದು, ಹಂಗೇ ಹೇಳಿದ್ದು. ಹೊರೋನು ಇಲ್ಲ, ಹೊರೆ ಮಾತ್ರ ಹೋಗ್ತಾ ಇರ್ತದೆ."

ನಮ್ಮ ಕಡೆ ಸಂಜೆ ಗುಡ್ಡದಿಂದ ಹುಲ್ಲು ತರುವವರು ದೂರಕ್ಕೆ ಕಾಣುವುದಿಲ್ಲ. ಹೊರೆಯಷ್ಟೇ ದಾರಿಯಲ್ಲಿ ನಡೆದು ಬರುತ್ತಿರುತ್ತದೆ. ಹತ್ತಿರ ಬಂದಾಗ ಕೆಳಗೆ ಎರಡು ಕಾಲು ಕಂಡು ಜೀವ ಬರುತ್ತದೆ. ಆ ಜಗಲಿಯಲ್ಲಿ ಕೂತು, ಹತ್ತಿರ ಬಂದಮೇಲೂ ಕಾಲು ಕಾಣದ ಒಂದು ಹೊರೆಯನ್ನು ನೆನೆಸಿಕೊಂಡೆ.

ಸೋಮಾವತಿಯ ಮನೆ

ಮರುದಿನ ಬೆಳಿಗ್ಗೆ ಸುಬ್ರಾಯ ತರಕಾರಿ ತರಲು ಹೋದವನು ಬರಿಗೈಯಲ್ಲಿ ಬಂದ.

ವಿಹಾರದ ದಾರಿಯಲ್ಲೇ ಮನೆಯಿದ್ದ ಸೋಮಾವತಿ ಎಂಬಾಕೆ ನಾನು ಕಣ್ಣು ಬರೆದ ಬೆಳಿಗ್ಗೆ ಎಂಟು ತಿಂಗಳ ಹೆಣ್ಣುಕೂಸನ್ನು ಎತ್ತಿಕೊಂಡು ಮಣ್ಣಿನ ಗೋಡೆಯ ಮೇಲಿಂದ ಇಣುಕಿದ್ದಳಂತೆ. ಈಗ ನಾಲ್ಕು ದಿನದಿಂದ ಕೂಸಿಗೆ ಜ್ವರ, ಉಸಿರಾಡುವಾಗ ಎದೆಯಲ್ಲಿ ಶಬ್ದ. ನೋಟ ಬಿದ್ದದ್ದು ತನ್ನ ಮಗಳ ಮೇಲೆ ಎಂದು ಆಕೆಗೆ ಖಾತ್ರಿಯಾಗಿದೆ. "ಆಸ್ಪತ್ರೆಗೆ ಕರ್ಕಂಡು ಹೋಗು ಅಂದ್ರೆ, ಇದಕ್ಕೆ ಮದ್ದು ಉಂಟಾ ಅಂತಾಳೆ. ಹಾಲೂ ಕುಡಿಸ್ತಿಲ್ಲ. ಸುಮ್ನೆ ಮಡಿಲಲ್ಲಿ ಹಾಕ್ಕಂಡು ಕೂತಿದಾಳೆ ಮಾರಾಯ್ರೆ, ಕಾಯ್ತಾ."

ಉಳಿ ಕೆಳಗಿಟ್ಟೆ. ನಾನು ಬಾಯಿಬಿಟ್ಟರೆ ಕೂಸು ಬದುಕೀತು; ಆದರೆ ಊರಿನ ಕಣ್ಣಿನಲ್ಲಿ ಉಕ್ಕು ಬಂಡರು ಅವತ್ತೇ ಸತ್ತಂತೆ. ಸುಬ್ರಾಯನ ಮುಂದೆ ಎಲ್ಲ ಹೇಳಿಬಿಟ್ಟೆ. ಹೆಬ್ಬೆರಳು, ಬಟ್ಟೆ, ಮುದುಕರ ಮುಖ, ಹಾಮುದುರುಗಳಿಗೆ ಹೇಳಿದ ಸುಳ್ಳು. ಅವನು ತನಗೇ ತಿಳಿಯದೆ ಒಂದು ಹೆಜ್ಜೆ ಪಕ್ಕಕ್ಕೆ ಸರಿದ.

ಇಬ್ಬರೂ ಗುಹೆಗೆ ಹೋದೆವು. ಸುಬ್ರಾಯ ಹೇಳಿದ್ದನ್ನೆಲ್ಲ ಉಕ್ಕು ಬಂಡರು ಕುಂಚ ತೊಳೆಯುತ್ತ ಕೇಳಿದರು. ಆಶ್ಚರ್ಯಪಡಲಿಲ್ಲ.

"ಎಂತ ಅಂತಾರೆ ಗೊತ್ತಾ?" ಎಂದು ಸುಬ್ರಾಯ ನನ್ನ ಕಡೆ ತಿರುಗಿದ. "ನಾನು ಬೇಕಂತಲೇ ಹಿಂದೆ ನಿಂತಿದ್ದು ಅಂತಾರೆ. ಕೆತ್ತಿದೋನು ತಿರುಗಿ ನೋಡ್ದೆ ಇರ್ತಾನಾ? ನಾನೂ ಇವನ ವಯಸ್ಸಲ್ಲಿ ತಿರುಗಿದ್ದೆ. ನನ್ನ ಗುರು ಅಡ್ಡ ನಿಂತಿದ್ರು. ಹೊಸ ಕಣ್ಣನ್ನ ನೇರ ನೋಡಿದ್ರೆ ನಾನು ಉಳೀತಿರ್ಲಿಲ್ಲ ಅಂತ ಆಮೇಲೆ ಹೇಳಿದ್ರು. ಹಂಗಂತಾರೆ."

"ಆ ಗುರುಗಳು ಏನಾದರು, ಕೇಳು."

ಕೇಳಿದ. ಮುದುಕರು ಕುಂಚದ ನೀರು ಝಾಡಿಸಿದರು. ಮತ್ತೊಂದು ಕುಂಚ ಎತ್ತಿಕೊಂಡರು.

"ನನ್ನ ಕರ್ಮ ಏನಾಗುತ್ತದೆ, ಅದನ್ನಾದರೂ ಕೇಳು."

"ಅಡ್ಡ ನಿಂತಿದ್ದು ನಂದು, ನಾನು ಮನಸ್ಸು ಮಾಡಿ ನಿಂತಿದ್ದು. ಅದು ನಿಂಗೆ ಸೇರಲ್ಲ ಅಂತಾರೆ. ಸುಳ್ಳು ಹೇಳಿದ್ದು ನಿಂದು. ಬಾ, ಅದನ್ನ ಹೋಗಿ ತೀರಿಸಿ ಬರೋಣ ಅಂತಾರೆ."

ಸೋಮಾವತಿ ಹೊಸ್ತಿಲಲ್ಲಿ ಕೂತಿದ್ದಳು. ಇಪ್ಪತ್ತೆರಡು ಇಪ್ಪತ್ತಮೂರರ ಹುಡುಗಿ. ನನ್ನನ್ನು ಕಂಡವಳೇ ಕೂಸಿನ ಮೇಲೆ ಬಗ್ಗಿ ತನ್ನ ಕೂದಲಿನಿಂದ ಅದನ್ನು ಮುಚ್ಚಿದಳು. ಅಕ್ಕಪಕ್ಕದವರು ಬೇಲಿಯಾಚೆ ಸೇರಿದರು. ನಾನು ನೆಲ ನೋಡುತ್ತ ಕನ್ನಡದಲ್ಲಿ ಹೇಳಿದೆ, ಸುಬ್ರಾಯ ಅವರ ಮಾತಿನಲ್ಲಿ ಹೇಳಿದ: ಬಟ್ಟೆ ಜಾರಲಿಲ್ಲ, ನಾನೇ ಸರಿಸಿದೆ. ನೋಡಿದ್ದು ಗುಹೆಯ ಒಳಗೆ. ನಿನ್ನ ಮಗಳನ್ನಲ್ಲ.

ಉಕ್ಕು ಬಂಡರು ಮುಂದೆ ಬಂದು ತಮ್ಮ ಎದೆ ಮುಟ್ಟಿಕೊಂಡು ಎರಡೇ ಮಾತು ಹೇಳಿದರು. ಅದನ್ನು ಸುಬ್ರಾಯ ನನಗೆ ತಿರುಗಿಸಿ ಹೇಳಬೇಕಾಗಿರಲಿಲ್ಲ.

ಬೇಲಿಯಾಚೆಯ ಪಾದಗಳು ಒಟ್ಟಿಗೆ ಹಿಂದೆ ಸರಿದದ್ದು ಕಂಡಿತು. ಸೋಮಾವತಿ ತಲೆಯೆತ್ತಿ ಮುದುಕರನ್ನು ನೋಡಿದಳು. ಆಮೇಲೆ ಎದ್ದಳು. ಕೂಸನ್ನು ಸೀರೆಯಲ್ಲಿ ಸುತ್ತಿಕೊಂಡು, ಚಪ್ಪಲಿ ಕೂಡ ಹಾಕದೆ, ವ್ಯಾಪಾರಿಯ ಮನೆಯ ಕಡೆಗೆ ಓಡತೊಡಗಿದಳು. ಅವನ ಕಾರಿನಲ್ಲೇ ಆಸ್ಪತ್ರೆಗೆ ಹೋದರು. ಎದೆಯಲ್ಲಿ ಕಫ ಕಟ್ಟಿತ್ತಂತೆ. ಇಂಜೆಕ್ಷನ್ ಕೊಟ್ಟರು. ಐದು ದಿನಕ್ಕೆ ಕೂಸು ಅಳುವಷ್ಟಾಯಿತು, ಏಳನೆಯ ದಿನ ಮನೆಗೆ ಬಂತು.

ಬಸ್ಸು ನಿಲ್ಲುವ ಜಾಗ

ಊರು ನನ್ನನ್ನು ಬಿಟ್ಟು ಉಕ್ಕು ಬಂಡರನ್ನು ಹಿಡಿಯಿತು. ಯಾರೂ ಅವರನ್ನು ಬೈಯಲಿಲ್ಲ. ಬದಲಿಗೆ ನೆಂಟರು ಅವರಿಗೆ ಇಷ್ಟವಾದ ಬೆಲ್ಲದ ಕಡುಬು ತಂದಿಟ್ಟು ದೂರದಲ್ಲಿ ಕೂತು ಹೋಗುತ್ತಿದ್ದರು. ಒಬ್ಬರು ಹೆಣಕ್ಕೆ ಹೊದಿಸುವ ಬಿಳಿ ಬಟ್ಟೆಯನ್ನೂ ತಂದು ಮೂಲೆಯಲ್ಲಿಟ್ಟರು. "ಒಳ್ಳೆಯವರಿದ್ರು" ಎಂದು ಅವರ ಎದುರಿಗೇ ಮಾತಾಡಿಕೊಳ್ಳುತ್ತಾರೆ ಎಂದ ಸುಬ್ರಾಯ. ಮುದುಕರು ಕಡುಬು ತಿಂದು, ನನಗೂ ಒಂದು ಕೊಟ್ಟು, ಸೂರಿನ ಕೊನೆಯ ಮೂಲೆಯ ಹೂವು ಬರೆಯುತ್ತಿದ್ದರು. ಹಾಮುದುರುಗಳ ಬಳಿ ಹೋಗಿ ಸುಳ್ಳನ್ನು ಒಪ್ಪಿಕೊಂಡೆ. ಅವರು ನನ್ನ ಅಂಗೈಯನ್ನು ಮತ್ತೊಮ್ಮೆ ಒತ್ತಿ ಬಿಟ್ಟರು.

ನಾನು ಹೊರಟ ಬೆಳಿಗ್ಗೆ ಬಸ್ಸು ನಿಲ್ಲುವ ಆಲದ ಕೆಳಗೆ ಉಕ್ಕು ಬಂಡರು ಬಂದರು. ಅವರು ಬಂದದ್ದೇ ಅಲ್ಲಿದ್ದ ನಾಲ್ಕು ಜನ ಆಚೆ ಬದಿಗೆ ಹೋದರು. ನಾನು ಅವರ ಕಾಲು ಮುಟ್ಟಿ ಎದ್ದು, ರೂಢಿಯಾದ ಹಾಗೆ ನೆಲವನ್ನೇ ನೋಡುತ್ತ ನಿಂತೆ. ಅವರು ಗದ್ದದ ಕೆಳಗೆ ಬೆರಳಿಟ್ಟು ನನ್ನ ಮುಖ ಎತ್ತಿದರು.

"ಈಗ ನೋಡು ಅಂತಾರೆ" ಎಂದ ಸುಬ್ರಾಯ. "ಅವತ್ತು ಸರಿಯಾಗಿ ನೋಡಿಲ್ಲ ನೀನು, ಹೆದರಿಬಿಟ್ಟಿ. ಈಗ ನಿಧಾನ ನೋಡು ಅಂತಾರೆ."

ನೋಡಿದೆ. ಎಲೆಯಡಿಕೆಯ ಕೆಂಪು ತುಟಿ. ಗಲ್ಲದ ಮೇಲೆ ಒಣಗಿದ ಹಸಿರು ಬಣ್ಣದ ಒಂದು ಹನಿ. ಕಣ್ಣಿನ ಕರಿಯ ಸುತ್ತ ವಯಸ್ಸಿನ ನೀಲಿ ಬಳೆ. ಆ ಕಣ್ಣಿನಲ್ಲಿ ಹೆದರಿಕೆ ಹುಡುಕಿದೆ, ಸಿಗಲಿಲ್ಲ. ಬಸ್ಸು ಬಂದು ಕಂಡಕ್ಟರು ಕೂಗುವವರೆಗೆ ನೋಡಿದೆ.

ಸಾಗರ

ಊರಿಗೆ ಬಂದ ಮೇಲೆ ದೊಡ್ಡ ನೆಮ್ಮದಿ ಬಂತು. ಎಲ್ಲರ ಮುಖ ನೋಡಿ ಮಾತಾಡಿದೆ. ಅಂಗಳದ ತುಂಬ ಮುಳುಗಡೆ ಊರುಗಳ ದೇವರುಗಳು ಕಾಯುತ್ತಿದ್ದವು. ತಮ್ಮನ ಜೊತೆ ಕೂತು ಒಂದೊಂದಾಗಿ ಸರಿಮಾಡಿದೆ. ಉಕ್ಕು ಬಂಡರಿಗೆ ಆಯುಸ್ಸು ಕೊಡು ಎಂದು ದಿನಾ ದೇವರ ಮುಂದೆ ಹೆಸರು ಹೇಳಿ ಬೇಡಿಕೊಂಡೆ. ಸಿಗಂದೂರಿನ ತಾಯಿಗೂ ಹರಕೆ ಹೊತ್ತೆ. ಹೀಗೆ ಮೂರು ವಾರಕ್ಕಿಂತ ಹೆಚ್ಚು ದಿನ.

ಆಮೇಲೆ ಸುಬ್ರಾಯನ ಕಾಗದ ಬಂತು. ಅವನು ಬರೆಯುವುದೂ ಮಾತಾಡಿದ ಹಾಗೆಯೇ.

"ಬರೀಬಾರ್ದು ಅಂತಲೇ ಇದ್ದೆ ಮಾರಾಯ್ರೆ, ಬರೀದೆ ಇರೋಕೂ ಆಗ್ಲಿಲ್ಲ. ನಿಮ್ಮನ್ನ ಬಸ್ಸು ಹತ್ತಿಸಿ ಬಂದು ಮುದುಕರು ಸೂರಿನ ಆ ಕೊನೇ ಹೂವು ಮುಗಿಸಿದ್ರು. ಕುಂಚ ಎಲ್ಲ ತೊಳೆದು ಸಾಲಾಗಿ ಇಟ್ರು. ಅವತ್ತೇ ಸಾಯಂಕಾಲ ನಾನು ಚಾ ತಗಂಡು ಹೋದಾಗ ಗೋಡೆಗೆ ಒರಗಿ ಕೂತಿದ್ರು, ಹೋಗ್ಬಿಟ್ಟಿದ್ರು. ನೀವು ನೋಡಿದ್ದಕ್ಕೆ ಅಂತ ಊರು ಹೇಳ್ತದೆ. ಎಪ್ಪತ್ತು ದಾಟಿತ್ತು ಅಂತ ಹಾಮುದುರು ಹೇಳ್ತಾರೆ. ನಂಗೆ ಎಂತದೂ ಗೊತ್ತಿಲ್ಲ.

"ಕಣ್ಣು ಮುಚ್ಚಿರ್ಲಿಲ್ಲ. ಪೂರ್ತಿ ತೆರೆದೇ ಇತ್ತು. ಆ ನೋಟ ತಮ್ಮ ಮೇಲೆ ಬಿದ್ದೀತು ಅಂತ ಮುಚ್ಚೋಕೆ ಯಾರೂ ಹತ್ತಿರ ಹೋಗ್ಲಿಲ್ಲ. ಅವರ ಸ್ವಂತ ಮಕ್ಕಳೇ ಬಾಗಿಲ ಹೊರಗೆ ನಿಂತು ಅತ್ರು. ನಾನೂ ಹೋಗ್ಲಿಲ್ಲ, ಸುಳ್ಳು ಯಾಕೆ ಹೇಳ್ಲಿ. ಮರುದಿನ ಬೆಳಿಗ್ಗೆವರೆಗೂ ಹಾಗೇ ಕೂತಿದ್ರು. ಆಗ ಸೋಮಾವತಿ ಬಂದ್ಲು. ಕೂಸನ್ನ ನನ್ನ ಕೈಗೆ ಕೊಟ್ಟು ಒಳಗೆ ಹೋಗಿ ಅವರ ಎದುರಿಗೇ ಕೂತ್ಲು. ಅಂಗೈಯಿಂದ ಕಣ್ಣು ಮುಚ್ಚಿದ್ಲು. ಮುಚ್ಚಿ, ಕೈ ತೆಗೀಲೇ ಇಲ್ಲ. ಜ್ವರ ಬಂದ ಮಕ್ಕಳ ಹಣೆ ಮೇಲೆ ಇಟ್ಕಂಡಿರ್ತಾರಲ್ಲ, ಹಂಗೆ ಬಾಳ ಹೊತ್ತು ಇಟ್ಕಂಡಿದ್ಲು. ಕೂಸು ನನ್ನ ಹೆಗಲ ಮೇಲಿಂದ ಅದನ್ನೇ ನೋಡ್ತಾ ಇತ್ತು."